ಪೆಟ್ಟಿಗೆಗಳಿಗೆ ಸುಪ್ರಭಾತ

ಚಿಕ್ಕಪ್ಪ ಹಾಲೆಂಡಿನಿಂದ ತಂದ ಎರಡು ಪೆಟ್ಟಿಗೆಗಳ ಮೇಲೆ ನಮ್ಮ ಮನೆಯವರು ನಲವತ್ತು ವರ್ಷಕ್ಕೂ ಮಿಕ್ಕಿ ಕವಳದ ಹರಿವಾಣ ಇಟ್ಟಿದ್ದಾರೆ. ಒಂದರ ಮೇಲೆ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಇನ್ನೊಂದರ ಮೇಲೆ ಕವಳ ಹಾಕಲು ಬಂದವರ ಅಂಡು. ಮೊಣಕಾಲಿಗಿಂತ ತುಸು ಗಿಡ್ಡ, ಮುಂದುಗಡೆ ಕಪ್ಪು ಜಾಲರಿ, ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುವ ಭಾರ. ಅವು ಹಾಡುತ್ತವೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಡಿದ್ದನ್ನು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ತಪ್ಪು ಪೆಟ್ಟಿಗೆಗಳದಲ್ಲ. ಚಿಕ್ಕಪ್ಪ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದ. ನಡುಗಡಲಿನಲ್ಲಿ ಕೂತು ಜಗತ್ತಿನ ಬಂದರುಗಳನ್ನೆಲ್ಲ ಮಾತಾಡಿಸುತ್ತಿದ್ದ ಆಸಾಮಿಗೆ, ಹೊಳೆಬಾಗಿಲಿನ ಆಚೆ ದಡದ ತನ್ನ ಸ್ವಂತ ಮನೆಯಲ್ಲಿ ಕರೆಂಟಿಲ್ಲ ಎನ್ನುವುದೊಂದು ರಾಟರ್‌ಡ್ಯಾಮಿನ ಅಂಗಡಿಯಲ್ಲಿ ನೆನಪಾಗಲಿಲ್ಲ. ಅದೂ ತಂದದ್ದು ಎಂಥದು! ಮಾಮೂಲಿ ಸ್ಪೀಕರ್ ಆಗಿದ್ದರೆ ಸೆಲ್ಲು ಹಾಕುವ ಟೇಪ್‌ರೆಕಾರ್ಡರಿಗಾದರೂ ಸಿಕ್ಕಿಸಬಹುದಿತ್ತು. ಇವು ಆಕ್ಟಿವ್. ಆಂಪ್ಲಿಫೈಯರ್ ಪೆಟ್ಟಿಗೆಯ ಹೊಟ್ಟೆಯೊಳಗೇ ಇದೆ, ಹಾಗಾಗಿ ಒಂದೊಂದಕ್ಕೂ ಬೇರೆ ಪ್ಲಗ್ಗು, ಬೇರೆ 220 ವೋಲ್ಟು. ಲಾಟೀನಿನ ಮನೆಗೆ ಎರಡೆರಡು ಪ್ಲಗ್ಗು ಬೇಡುವ ಸ್ಪೀಕರು. "ಊಟಕ್ಕೇ ಗತಿಯಿಲ್ಲ, ಕೈ ತೊಳೆಯೋಕೆ ಎರಡು ತಂಬಿಗೆ" ಎಂದು ಅಪ್ಪ ಅಂದದ್ದನ್ನು ಅಮ್ಮ ಈಗಲೂ ಹೇಳುತ್ತಾಳೆ.

ಅಪ್ಪನ ಸಿಟ್ಟು ಚಿಕ್ಕಪ್ಪನ ಮೇಲಾಗಿರಲಿಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಎದ್ದದ್ದು 1964ರಲ್ಲಿ. ಅದಕ್ಕೆ ಮುಂಚೆ 1948ರ ಹಿರೇಭಾಸ್ಕರ ಕಟ್ಟೆ ಇತ್ತು. ಹೊಸ ನೀರು ಆ ಹಳೆಯ ಕಟ್ಟೆಯನ್ನೇ ನುಂಗಿತು. ಇನ್ನು ನಮ್ಮ ಗದ್ದೆ ಯಾವ ಲೆಕ್ಕ? ಮಳೆಗಾಲ ಬಂದರೆ ಇವತ್ತಿಗೂ ಪೇಪರಿನವರು ಕಟ್ಟೆ ತುಂಬುವ 1,819 ಅಡಿಗೆ ಇನ್ನೆಷ್ಟು ಬಾಕಿ ಎಂದು ದಿನಾ ಬರೆಯುತ್ತಾರೆ. ಓದುವವರಿಗೆ ಅದು ಕರೆಂಟಿನ ಲೆಕ್ಕ, ನಮಗೆ ತೋಟದ ಯಾವ ಸಾಲಿನವರೆಗೆ ನೀರು ಎಂಬ ಲೆಕ್ಕ. ನಾಡಿಗೆಲ್ಲ ದೀಪ ಹಚ್ಚಲು ಗದ್ದೆ ಕೊಟ್ಟ ಮನೆಯಲ್ಲಿ ಚಿಮಣಿ ಎಣ್ಣೆಯ ಹೊಗೆಗೆ ಗೋಡೆ ಕಪ್ಪಾಗುತ್ತಿದ್ದಾಗ, ನೀರನ್ನು ಹಿಂದಕ್ಕೆ ತಳ್ಳಿ ನೆಲ ಮಾಡಿಕೊಂಡ ದೇಶದಿಂದ, ನೆಲವನ್ನು ನೀರಿಗೆ ಬಿಟ್ಟುಕೊಟ್ಟ ಊರಿಗೆ ಈ ಎರಡು ಪೆಟ್ಟಿಗೆಗಳು ಲಾಂಚಿನಲ್ಲಿ ಬಂದಿಳಿದವು. ಮುಂದೆ ಎಷ್ಟೋ ವರ್ಷಕ್ಕೆ ಕರೆಂಟು ಬಂತು. ಬಂದ ಕರೆಂಟು ಟ್ಯೂಬ್‌ಲೈಟನ್ನು ಕಣ್ಣು ಮಿಟುಕಿಸಲು ಹಚ್ಚಿ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆಗಳ ಜೊತೆಗೆ ಬಂದಿದ್ದ ಪ್ರೀ ಆಂಪ್ಲಿಫೈಯರನ್ನು ಇಲಿ ಮುಗಿಸಿತ್ತು. ಚಿಕ್ಕಪ್ಪನೂ ಇರಲಿಲ್ಲ. ಹರಿವಾಣ ಇದ್ದಲ್ಲೇ ಉಳಿಯಿತು.

ಇದೆಲ್ಲ ಗೊತ್ತಿದ್ದೂ ಐವತ್ತೆಂಟನೆಯ ವಯಸ್ಸಿನಲ್ಲಿ ಈ ಪೆಟ್ಟಿಗೆಗಳನ್ನು ಫೋನಿಗೆ ಕಟ್ಟಿ ಹಾಡಿಸುತ್ತೇನೆಂದು ಹೊರಟದ್ದು ನನ್ನ ಕರ್ಮ. ಒಂದು ಮಳೆಗಾಲದ ಮಧ್ಯಾಹ್ನ, ಹರಿವಾಣ ಎತ್ತಿ ಹಿಂದಿನ ತಗಡು ಒರೆಸಿದಾಗ ಕಂಡ ಅಕ್ಷರಗಳನ್ನು ಫೋನಿನಲ್ಲಿ ಹುಡುಕಿದೆ. ಅಲ್ಲಿಗೆ ಕೆಟ್ಟೆ.

ಅವು ಫಿಲಿಪ್ಸಿನವರ ಎಂ.ಎಫ್.ಬಿ. ಸ್ಪೀಕರುಗಳು. ಮೋಷನಲ್ ಫೀಡ್‌ಬ್ಯಾಕ್ ಎಂದು ಪೂರ್ತಿ ಹೆಸರು, 1970ರ ದಶಕದ ವಿದ್ಯೆ. ದೊಡ್ಡ ಸ್ಪೀಕರಿನ ಕಾಗದದ ಬಟ್ಟಲಿಗೆ ಒಂದು ಪುಟ್ಟ ಹರಳು ಅಂಟಿಸಿರುತ್ತಾರೆ. ಬಟ್ಟಲು ಹೇಗೆ ಅಲುಗಿತು ಎಂಬುದನ್ನು ಅದು ಆಗಿಂದಾಗಲೇ ಒಳಗಿನ ಆಂಪ್ಲಿಫೈಯರಿಗೆ ಚಾಡಿ ಹೇಳುತ್ತದೆ. ಅಲುಗಬೇಕಾಗಿದ್ದದ್ದಕ್ಕೂ ಅಲುಗಿದ್ದಕ್ಕೂ ವ್ಯತ್ಯಾಸ ಕಂಡರೆ ಆಂಪ್ಲಿಫೈಯರ್ ತಕ್ಷಣ ತಿದ್ದುತ್ತದೆ. ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಅಷ್ಟು ದಪ್ಪ ದನಿ ಹೊರಡುವುದರ ಗುಟ್ಟು ಇದೇ. ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡು ಅಲ್ಲೇ ತಿದ್ದಿಕೊಳ್ಳುವ ಗುಣ. ನಮ್ಮ ಕಡೆಯ ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಇದು ಎಷ್ಟು ಜನಕ್ಕಿದೆ ಎಂದು ನಾನು ಕೇಳುವುದಿಲ್ಲ, ಊರಿನಲ್ಲಿ ಬದುಕಬೇಕು.

ಇನ್ನೊಂದು ಗುಣವೂ ಇದೆ, ಕತೆಯೆಲ್ಲ ನಿಂತಿರುವುದು ಅದರ ಮೇಲೆ. ಇವಕ್ಕೆ ನಿದ್ದೆ ಬರುತ್ತದೆ. ಸ್ವಲ್ಪ ಹೊತ್ತು ತಂತಿಯಲ್ಲಿ ಹಾಡು ಬರದಿದ್ದರೆ ತಾವೇ ಆರಿಸಿಕೊಂಡು ಮಲಗುತ್ತವೆ. ಹಾಡು ಬಂದರೆ ಎಚ್ಚರಾಗಿ ಪುಟ್ಟ ದೀಪ ಹಚ್ಚಿಕೊಳ್ಳುತ್ತವೆ. ಐವತ್ತು ವರ್ಷದ ಹಿಂದೆಯೇ ಇಷ್ಟು ಬುದ್ಧಿ! ಇದನ್ನು ಓದಿದ ದಿನ ನಾನು ಹೆಂಡತಿಗೆ ಮೂರು ಸಲ ಹೇಳಿದೆನಂತೆ. ನಾಲ್ಕನೆಯ ಸಲ ಅವಳು ಎದ್ದು ದನದ ಕೊಟ್ಟಿಗೆಗೆ ಹೋದಳು.

2025ರ ಬೇಸಿಗೆಯಲ್ಲಿ ಪೆಟ್ಟಿಗೆಗಳನ್ನು ಹಳೆ ಪಂಚೆಯಲ್ಲಿ ಸುತ್ತಿ, ಲಾಂಚಿನಲ್ಲಿ ದಾಟಿಸಿ ಸಾಗರಕ್ಕೆ ಒಯ್ದೆ. ಸಿಗಂದೂರಿಂದ ವಾಪಸ್ಸಾಗುತ್ತಿದ್ದ ಯಾತ್ರಿಕನೊಬ್ಬ ಭಕ್ತಿಯಿಂದ "ಒಳಗೆ ಏನು ಸ್ವಾಮಿ?" ಎಂದ. ಸ್ಪೀಕರ್ ಎಂದೆ. "ಡಿಜೆಯಾ?" ಎಂದ. ನಾನು ನೀರು ನೋಡುತ್ತ ನಿಂತೆ. ಹಿನ್ನೀರಿನ ದಡದಲ್ಲಿ ಕಾರಿನ ನಾಲ್ಕೂ ಬಾಗಿಲು ತೆಗೆದು, ಹಕ್ಕಿಗಳೆಲ್ಲ ಊರು ಬಿಡುವ ಹಾಗೆ ಡಬ್ ಡಬ್ ಹಾಕಿಕೊಂಡು ಕುಣಿಯುವವರ ಜೊತೆಗೆ ನನ್ನ ಚಿಕ್ಕಪ್ಪನ ಎಂ.ಎಫ್.ಬಿ.ಯನ್ನು ಸೇರಿಸಿಬಿಟ್ಟನಲ್ಲ. ಈ ಜನಕ್ಕೆ ಶಬ್ದ ಕೇಳಿಸುವುದು ಎದೆಯಿಂದ, ಕಿವಿಯಿಂದಲ್ಲ.

ಸಾಗರದಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಈಗ ಮಿಕ್ಸಿ ರಿಪೇರಿಯೇ ಹೆಚ್ಚು. ಹಿಂದಿನ ತಗಡು ಬಿಚ್ಚಿ, ಒಳಗಿನ ಬೂಷ್ಟು ನೋಡಿ, ವೈದ್ಯರು ರೋಗಿಯ ಕಡೆಯವರನ್ನು ನೋಡುವಂತೆ ನನ್ನನ್ನು ನೋಡಿದರು. "ನೇರ ಕರೆಂಟು ಕೊಟ್ಟಿಲ್ಲ ಅಲ್ವಾ? ಪುಣ್ಯ" ಎಂದರು. ಇಷ್ಟು ವರ್ಷ ಮಲಗಿದ ಕಂಡೆನ್ಸರುಗಳು ಒಣಗಿರುತ್ತವೆ, ಒಮ್ಮೆಲೇ ಕರೆಂಟು ಕೊಟ್ಟರೆ ಸಿಡಿಯಲೂಬಹುದು. ಅದಕ್ಕೆ ಅವರದೊಂದು ಹಲಗೆ ಇದೆ: ಅದರ ಮೇಲೆ 100 ವಾಟಿನ ಹಳೆಯ ತಂತಿ ಬಲ್ಬು. ಪೆಟ್ಟಿಗೆಗೆ ಹೋಗುವ ಕರೆಂಟು ಆ ಬಲ್ಬನ್ನು ದಾಟಿಯೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಬಚಾವು. ಸರಿ ಇದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲವಾದ್ದರಿಂದ, ಆ ಒಂದು ಬಲ್ಬನ್ನು ಅವರು ಮೊಮ್ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಅವತ್ತು ಅದು ಮಿನುಗಿ ಮಂಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸೋಲ್ಡರಿನ ಹೊಗೆ ಎಂದು ಅವರು ಭಾವಿಸಿದರು.

ಕಂಡೆನ್ಸರುಗಳು ಬದಲಾಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಜುಲೈ 14ಕ್ಕೆ ಸೇತುವೆ ತೆರೆಯಿತು. ಹೋಗುವಾಗ ಲಾಂಚಿನಲ್ಲಿ ಹೋದ ಪೆಟ್ಟಿಗೆಗಳು ಬರುವಾಗ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಮೇಲೆ ಬಂದವು. 2.44 ಕಿಲೋಮೀಟರ್ ಮುಗಿಯುವುದರೊಳಗೆ ಒಂದು ಕವಳವನ್ನೂ ಸರಿಯಾಗಿ ಜಗಿಯಲಾಗಲಿಲ್ಲ. ಲಾಂಚಿಗೆ ಕಾಯುತ್ತ ನಾನು ಕಳೆದ ಆಯಸ್ಸನ್ನು ಸೇರಿಸಿದ್ದರೆ ಇನ್ನೊಂದು ಡಿಗ್ರಿ ಮಾಡಬಹುದಿತ್ತು. ಇರಲಿ.

ಪೆಟ್ಟಿಗೆ ಸಿದ್ಧ, ಫೋನು ಸಿದ್ಧ. ನಡುವೆ ಐವತ್ತು ವರ್ಷ ಮತ್ತು ಒಂದು ವೈರು. ಫೋನಿನ ಹಾಡನ್ನು ಹಿಡಿಯಲು ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ರಿಸೀವರ್ ತರಿಸಿದೆ. ಅದರ ಬಾಲ ಕೆಂಪು-ಬಿಳಿ ಆರ್‌ಸಿಎ. ಪೆಟ್ಟಿಗೆಯ ಬಾಯಿ ಡಿನ್: ದುಂಡನೆಯ ಸಾಕೆಟ್ಟು, ಅದರೊಳಗೆ ಅರ್ಧ ಚಂದ್ರಾಕಾರದಲ್ಲಿ ಐದು ತೂತು. ಜರ್ಮನಿಯವರ ಈ ಪದ್ಧತಿಯನ್ನು ಆ ಕಾಲದ ಯುರೋಪಿನಲ್ಲಿ ಬಹಳ ಕಂಪನಿಗಳು ಒಪ್ಪಿದ್ದವು. ಬೆಂಗಳೂರಿನಲ್ಲಿರುವ ಅಕ್ಕನ ಮಗ "ಎರಡನ್ನೂ ಜೋಡಿಸೋ ರೆಡಿಮೇಡ್ ವೈರು ಸಿಗುತ್ತೆ ಮಾವ" ಎಂದು ಆನ್‌ಲೈನಿನಲ್ಲಿ ತರಿಸಿಕೊಟ್ಟ. ಬಂಗಾರದ ಬಣ್ಣದ ಪಿನ್ನು, ಹೆಣೆದ ಹೊದಿಕೆ. ಮದುಮಗಳ ಜಡೆಯ ಹಾಗೆ ಇತ್ತು.

ಆ ಭಾನುವಾರ ಬೆಳಗ್ಗೆ ಜಗುಲಿಯಲ್ಲಿ ನಾವು ಐದು ಜನ: ಅಮ್ಮ ಆರಾಮ ಕುರ್ಚಿಯಲ್ಲಿ, ಹೆಂಡತಿ ಬಾಗಿಲಿಗೆ ಒರಗಿ, ಊರಿಗೆ ಬಂದಿದ್ದ ಅಕ್ಕನ ಮಗ ಫೋನು ಹಿಡಿದು, ತೋಟದ ಕೆಲಸಕ್ಕೆ ಬಂದವನು ಕತ್ತಿ ಹಿಡಿದು, ನಾನು ಪೆಟ್ಟಿಗೆಯ ಮುಂದೆ ಮಂಡಿಯೂರಿ. ಸ್ವಿಚ್ಚು ಹಾಕಿದೆ.

"ಕನೆಕ್ಟ್ ಆಯ್ತು ಮಾವ. ಪ್ಲೇ ಆಗ್ತಾ ಇದೆ."

"ಎಲ್ಲಿ ಆಗ್ತಾ ಇದೆ?"

"ಫೋನಿನಲ್ಲಿ."

ದೀಪ ಹತ್ತಲಿಲ್ಲ. ನಿದ್ದೆಯ ವಿಷಯ ಎಲ್ಲರಿಗೂ ಹೇಳಿಟ್ಟಿದ್ದೆನಲ್ಲ, "ಇನ್ನೂ ಎದ್ದಿಲ್ಲ, ಗಟ್ಟಿಯಾಗಿ ಏನಾದರೂ ಹಾಕು" ಎಂದೆ. ಅವನು ಗಿಟಾರು ಹಾಕಿದ, ಡ್ರಮ್ಮು ಹಾಕಿದ, ಕೊನೆಗೆ ಎಂಥದೋ ಸಿನಿಮಾದ ಮಾಸ್ ಹಾಡು ಹಾಕಿದ. ಪೆಟ್ಟಿಗೆ ಯೋಗನಿದ್ರೆಯಲ್ಲಿತ್ತು. "ಏಳ್ತಿಲ್ಲೆ ತಮಾ" ಎಂದು ಅಮ್ಮ ಅನುಕಂಪದಿಂದ ಹೇಳಿದಳು. ಆಮೇಲೆ ಬಹಳ ಸಹಜವಾಗಿ, "ಸುಪ್ರಭಾತ ಹಾಕು" ಎಂದಳು. ತರ್ಕ ಸರಿಯಾಗಿಯೇ ಇತ್ತು. ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಗೆ ತಿರುಪತಿ ತಿಮ್ಮಪ್ಪನೇ ಏಳುತ್ತಾನಂತೆ, ಇದ್ಯಾವ ಮಹಾ. ಹಾಕಿದೆವು. ಐದೂ ಜನ ಕೈ ಕಟ್ಟಿಕೊಂಡು, ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವಂತೆ, ಒಂದು ಸಣ್ಣ ದೀಪ ಹತ್ತುವುದನ್ನು ಕಾದೆವು. ಹೆಂಡತಿ ಒಳಗೆ ಹೋಗಿ ದೇವರ ಮನೆಯ ಗಂಟೆ ತಂದು ಪೆಟ್ಟಿಗೆಯ ಮುಂದೆ ಅಲ್ಲಾಡಿಸಿದಳು. "ಗಾಳಿಯ ಸದ್ದಿಗೆ ಏಳಲ್ಲ ಅತ್ತೆ, ವೈರಿನಲ್ಲಿ ಬರಬೇಕು" ಎಂದ ಅಕ್ಕನ ಮಗ. "ಗೊತ್ತು. ಸುಮ್ಮನೆ" ಎಂದು ಇನ್ನೊಂದು ಸಲ ಅಲ್ಲಾಡಿಸಿದಳು. ತೋಟದವನು ಹಳೆಯ ಟಿವಿಗೆ ಕೊಡುವಂತೆ ನೆತ್ತಿಗೆ ಒಂದು ಏಟು ಕೊಡಲೇ ಎಂದು ಕೇಳಿದ. ಬೇಡ ಎಂದೆ, ಆದರೆ ಎರಡು ಕ್ಷಣ ಯೋಚಿಸಿ ಎಂದೆ.

ರೋಸಿಹೋಗಿ ಪ್ಲಗ್ಗಿನ ಮೇಲಿನ ಹೊದಿಕೆ ಬಿಚ್ಚಿದೆ. ಬೆರಳು ಯಾವುದೋ ಪಿನ್ನಿಗೆ ತಗುಲಿತು.

ಗುಂಯ್ಯ್ಯ್!

ಜಗುಲಿಯ ಹಲಗೆ ನಡುಗಿತು. ಹರಿವಾಣದ ಅಡಿಕೆ ಕುಣಿಯಿತು. ನಾಯಿ ಓಡಿತು. ದೀಪ ಹತ್ತಿತು! ಸುಬ್ಬುಲಕ್ಷ್ಮಿಗೆ ಏಳದ ಪೆಟ್ಟಿಗೆ ನನ್ನ ಬೆರಳಿಗೆ ಎದ್ದಿತ್ತು.

ಇದರಲ್ಲಿ ಪವಾಡ ಇಲ್ಲ. ಗೋಡೆಯ ವೈರುಗಳಲ್ಲಿ ಸೆಕೆಂಡಿಗೆ ಐವತ್ತು ಸಲ ತೂಗುವ ಕರೆಂಟಿನ ನೆರಳನ್ನು ನಮ್ಮ ಮೈ ಸದಾ ಹಿಡಿದುಕೊಂಡಿರುತ್ತದೆ. ಬೆರಳು ಮುಟ್ಟಿದರೆ ಆಂಪ್ಲಿಫೈಯರ್ ಅದನ್ನೇ ಹಾಡೆಂದು ತಿಳಿದು ದೊಡ್ಡದು ಮಾಡುತ್ತದೆ. ಮೈಕ್‌ಸೆಟ್ಟಿನವರೆಲ್ಲ ಮಾಡುವ ಪರೀಕ್ಷೆ ಇದು. ಆದರೆ ಆ ಗಳಿಗೆಯಲ್ಲಿ ನನಗೆ ವಿಜ್ಞಾನ ಬೇಕಿರಲಿಲ್ಲ. ಹೈಸ್ಕೂಲಿನಲ್ಲಿ ಹಾರ್ಮೋನಿಯಂ ಮೇಷ್ಟರು "ನಿನ್ನ ಬೆರಳಿಗೆ ಸಂಗೀತ ಇಲ್ಲ" ಎಂದು ಎಬ್ಬಿಸಿ ಕಳಿಸಿದ್ದರು. ಇಗೋ ಆ ಬೆರಳು. ಮತ್ತೆ ಮುಟ್ಟಿದೆ. ಗುಂಯ್. ಬಿಟ್ಟೆ. ಮೌನ. ಮುಟ್ಟಿದೆ, ಬಿಟ್ಟೆ, ಮುಟ್ಟಿದೆ. ಆದಿತಾಳದಲ್ಲಿ ಒಂದು ಆವರ್ತ ಮುಗಿಸಿದೆ. ಅಮ್ಮ ಕಣ್ಣು ಮುಚ್ಚಿ "ಓಂಕಾರದ ಹಾಗೆ ಇದ್ದು" ಎಂದಳು. ಅಕ್ಕನ ಮಗ ತನ್ನ ಬೆರಳನ್ನೂ ಇಡುತ್ತೇನೆಂದ. ಅವನದು ಇನ್ನೂ ಜೋರು. ಅವನ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು. ಬರಿಗಾಲಿನಲ್ಲಿದ್ದ ತೋಟದವನ ಬೆರಳಿಗೆ ಬಂದದ್ದು ಮಂದ್ರದ ಸಣ್ಣ ಗುನುಗು. "ನಂದು ಬಡವರದು" ಎಂದು ನಕ್ಕ. ಹೆಂಡತಿಯನ್ನು ಕರೆದರೆ, "ಒಲೆ ಮೇಲೆ ಹಾಲಿದೆ" ಎಂದಳು, ಆದರೂ ಹೋಗುವ ಮುಂಚೆ ಒಂದು ಸಲ ಮುಟ್ಟಿಯೇ ಹೋದಳು. ಹೀಗೆ ಫಿಲಿಪ್ಸ್ ಕಂಪನಿಯ ಎಂಜಿನಿಯರುಗಳು ಸಂಗೀತದ ಸೂಕ್ಷ್ಮಾತಿಸೂಕ್ಷ್ಮವನ್ನು ಕಾಪಾಡಲೆಂದು ಹರಳು ಅಂಟಿಸಿ ಮಾಡಿದ ಯಂತ್ರದಲ್ಲಿ ನಮ್ಮ ಮನೆಯವರು ಮುಕ್ಕಾಲು ಗಂಟೆ ತಮ್ಮ ತಮ್ಮ ಬೆರಳುಗಳನ್ನು ಕೇಳಿದರು. ಹಾಲು ಉಕ್ಕಿತು.

ಹಾಡು ಯಾಕೆ ಬರಲಿಲ್ಲ ಎಂಬುದೂ ಬೆರಳಿನಿಂದಲೇ ತಿಳಿಯಿತು. 3 ಮತ್ತು 5ನೇ ಪಿನ್ನು ಮುಟ್ಟಿದರೆ ಮಾತ್ರ ಗುಂಯ್. ನಡುವಿನ 2 ಗ್ರೌಂಡು. 1 ಮತ್ತು 4 ಮುಟ್ಟಿದರೆ ಏನೂ ಇಲ್ಲ. ಡಿನ್ ಪದ್ಧತಿಯಲ್ಲಿ 1 ಮತ್ತು 4 ಇರುವುದು ಟೇಪಿಗೆ ರೆಕಾರ್ಡ್ ಮಾಡಿಕೊಳ್ಳಲು ಹಾಡನ್ನು ಕಳಿಸುವುದಕ್ಕೆ. ಮದುಮಗಳ ಜಡೆಯಂಥ ಆ ವೈರಿನ ಬೆಸುಗೆ ಇದ್ದದ್ದು ಅವಕ್ಕೇ. ಸುಬ್ಬುಲಕ್ಷ್ಮಿಯವರು ಮುಚ್ಚಿದ ಬಾಗಿಲಿನ ಮುಂದೆ ಹಾಡುತ್ತಿದ್ದರು. ಮಾರಿದವನಿಗೆ ಫೋನು ಮಾಡಿದರೆ, "ಐದೂ ಪಿನ್ ಇದೆಯಲ್ಲ ಸರ್" ಎಂದ.

ಬೆಸುಗೆ ನಾನೇ ಬಿಚ್ಚಿ ಹಾಕಿದೆ. ಸಂಗೀತವಿದ್ದ ಬೆರಳು ಸುಟ್ಟಿತು. ಬಲಗಡೆಯ ಪ್ಲಗ್ಗು ಸರಿಯಾಯಿತು. ಎಡಗಡೆಯದರ ಪ್ಲಾಸ್ಟಿಕ್ಕು ಕಾವಿಗೆ ಕರಗಿ ಐದು ಪಿನ್ನೂ ಐದು ದಿಕ್ಕಿಗೆ ನೋಡತೊಡಗಿದವು.

ಒಂದು ಪೆಟ್ಟಿಗೆ ಸಾಕು ಎಂದು ಆ ಸಂಜೆ ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟೊಂದರಿಂದ ಫೋನಿಗೆ ಇಳಿಸಿಕೊಂಡಿದ್ದ ಭಾಗವತಿಕೆ ಹಾಕಿದೆ. ಚಂಡೆಯ ಮೊದಲ ಪೆಟ್ಟಿಗೆ ದೀಪ ಹತ್ತಿತು. ಆಮೇಲೆ ಆ ಏರುದನಿ. 1990ರಲ್ಲಿ ಹೋದ ಮನುಷ್ಯ ಜಗುಲಿಯ ಕಂಬಕ್ಕೆ ಒರಗಿ ಹಾಡುತ್ತಿದ್ದಾನೆ ಎನ್ನುವ ಹಾಗಿತ್ತು. ಯಾರೂ ಮಾತಾಡಲಿಲ್ಲ. ಅಮ್ಮ ಸ್ವಲ್ಪ ಹೊತ್ತಿಗೆ, "ಅದರ ಬಾಯಿ ಹೊಳೆ ಕಡೆ ತಿರುಗಿಸು ತಮಾ" ಎಂದಳು. ಸದ್ದು ಜೋರಾಯಿತೇನೋ ಎಂದುಕೊಂಡು ತಿರುಗಿಸಿದೆ. ಅಮ್ಮನ ತವರುಮನೆ ಇದ್ದದ್ದು ಆ ನೀರಿನಡಿ.

ಈಗ ಸಂಸಾರ ಸಾಗಿದೆ, ಸುಖವಾಗಿ ಅಂತಲ್ಲ. ರಿಸೀವರನ್ನು ಚಾರ್ಜಿಗೆ ಹಾಕಿಕೊಂಡು ಹಾಡಿಸಿದರೆ ಚಾರ್ಜರಿನ ಗುಂಯ್ ಒಳಗೆ ಸೇರುತ್ತದೆ. ಪೆಟ್ಟಿಗೆ ಅದನ್ನೂ ಹಾಡೆಂದೇ ತಿಳಿದು ರಾತ್ರಿಯಿಡೀ ಎಚ್ಚರವಿರುತ್ತದೆ. ಚಾರ್ಜರ್ ಕಿತ್ತರೆ ಶುದ್ಧ ಮೌನ, ಆದರೆ ಅಮ್ಮನಿಗೆಂದು ಸಣ್ಣಗೆ ಇಟ್ಟಾಗ ನಿಧಾನದ ಆಲಾಪ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತದೆ. ಅಂದರೆ ಗೊಣಗಾಟವಿದ್ದರೆ ಎಚ್ಚರ, ಸಂಗೀತವಿದ್ದರೆ ನಿದ್ದೆ. ಇನ್‌ವರ್ಟರಿನ ಕರೆಂಟಿಗೆ ಒಳಗೆ ಹೆಜ್ಜೇನು ಕಟ್ಟುತ್ತದೆ. ಒಂದು ರಾತ್ರಿ ಹನ್ನೊಂದೂವರೆಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಯಾರೋ ಶುಭರಾತ್ರಿಯ ಗುಲಾಬಿ ಕಳಿಸಿದರು. ಕತ್ತಲ ಜಗುಲಿಯಲ್ಲಿ ದೀಪ ಹತ್ತಿ, ದೇವಸ್ಥಾನದ ದೊಡ್ಡ ಗಂಟೆಯಷ್ಟು ದಪ್ಪಗೆ ಟಿಂಗ್ ಎಂದಿತು. ಆಗಿನಿಂದ ಹೆಂಡತಿ ಮಲಗುವ ಮುನ್ನ ಬಾಗಿಲಿನ ಅಗಳಿ ನೋಡುತ್ತಾಳೋ ಇಲ್ಲವೋ, ಪೆಟ್ಟಿಗೆಯ ಪ್ಲಗ್ಗು ಮಾತ್ರ ಕಿತ್ತಿಡುತ್ತಾಳೆ.

ಅಕ್ಕನ ಮಗ ಹೋಗುವಾಗ, "ಇದನ್ನು ಗುಜರಿಗೆ ಹಾಕಿ ಮಾವ, ಹೆಸರು ಕೂಗಿದರೆ ಏಳೋ ಸ್ಪೀಕರ್ ಕೊಡಿಸ್ತೀನಿ" ಎಂದ. ಇಪ್ಪತ್ತಾರು ವರ್ಷದ ಇವನನ್ನು ಹೆಸರು ಕೂಗಿ ಎಬ್ಬಿಸಲು ನನ್ನ ಅಕ್ಕನಿಗೆ ಇನ್ನೂ ಆಗಿಲ್ಲ.

ಸಂಜೆ ಫೋನಿನಲ್ಲಿ ಭದ್ರಾವತಿ ಆಕಾಶವಾಣಿ ಹಿಡಿದು ಬಲಗಡೆಯ ಪೆಟ್ಟಿಗೆಗೆ ಕೊಡುತ್ತೇನೆ. ಮೊದಲು ಅಮ್ಮನ ರೇಡಿಯೋದಲ್ಲಿ ಅದು 675ಕ್ಕೆ ಬರುತ್ತಿತ್ತು, ಎಫ್‌ಎಂನಲ್ಲಿ 103.5. ಶರಾವತಿ ವಿದ್ಯುದಾಗಾರದಲ್ಲಿ ಈಗ ಇರುವ 10 ಯಂತ್ರಗಳೂ ಒಂದೊಂದು 103.5 ಮೆಗಾವಾಟಿನವು. ಇದಕ್ಕೆ ಅರ್ಥವೇನೂ ಇಲ್ಲ, ನನಗೆ ತಿಳಿದಿದೆ. ಆದರೂ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ, ಅವರು ಎದ್ದು ಕೊಟ್ಟಿಗೆಯ ಕಡೆ ನೋಡುತ್ತಾರೆ.

ಹರಿವಾಣ ಈಗ ಎಡಗಡೆಯ ಪೆಟ್ಟಿಗೆಯ ಮೇಲಿದೆ. ಆ ಪೆಟ್ಟಿಗೆ ಚಿಕ್ಕಪ್ಪ ತಂದಾಗಿನಿಂದ ಇನ್ನೂ ಒಂದು ಹಾಡನ್ನೂ ಹಾಡಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟೇಪ್‌ರೆಕಾರ್ಡರಿನ ಬಾಲದಲ್ಲಿ, ಐದು ಪಿನ್ನಿನ, ಬಿಚ್ಚಿ ಬೆಸುಗೆ ಹಾಕಲು ಬರುವ ಒಂದು ಡಿನ್ ಪ್ಲಗ್ಗು ಇದ್ದರೆ ಎಸೆಯಬೇಡಿ. ಒಂದು ಮಾತು ಹೇಳಿ ಕಳಿಸಿ. ಸೇತುವೆ ಆಗಿದೆ, ಎಷ್ಟು ಹೊತ್ತಿಗಾದರೂ ಬರುತ್ತೇನೆ.